ಮಚ್ಚೆಗೆ ಬಾವಂಚಿ ಎಣ್ಣೆ, ಕಾನೂನಿಗೆ ಜಾಣ ಕುರುಡು

ಇನ್‌ಸ್ಟಾಗ್ರಾಂ ಅಥವಾ ಯೂಟ್ಯೂಬಿನಲ್ಲಿ ‘ತೊನ್ನು ಮನೆಮದ್ದು’ ಅಂತ ಒಂದೇ ಒಂದು ಸಲ ಹುಡುಕಿ ನೋಡಿ. ಆಮೇಲೆ ಅದು ನಿಮ್ಮ ಬೆನ್ನು ಬಿಡುವುದಿಲ್ಲ. ಬಾವಂಚಿ ಬೀಜವನ್ನು ಅರೆದು ಹಚ್ಚಿ, ಬೆಳಗಿನ ಬಿಸಿಲಿಗೆ ಕೂತ್ಕೊಳ್ಳಿ. ತುಳಸಿ ರಸಕ್ಕೆ ನಿಂಬೆ ರಸ ಬೆರೆಸಿ. ಅಂಜೂರದ ಎಲೆ ಜಜ್ಜಿ. ಚಿತ್ರಮೂಲದ ಬೇರು ತೇಯ್ದು ಹಚ್ಚಿ, ಗುಳ್ಳೆ ಎದ್ದರೆ ಹೆದರಬೇಡಿ, ಅದು ‘ಕೆಲಸ ಮಾಡ್ತಿದೆ’ ಅಂತ ಅರ್ಥ. ಕೊನೆಗೆ ಒಂದು ಸಾಲು: ರೆಡಿ ಎಣ್ಣೆ ಬೇಕಿದ್ದರೆ ವಾಟ್ಸಾಪ್ ಮಾಡಿ.

ನನಗೂ ಬಿಳಿ ಮಚ್ಚೆಗಳಿವೆ, ಹಾಗಾಗಿ ಇಂಥ ಸಲಹೆಗಳಿಗೆ ನನಗೆ ಬರವಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಕೊಡುತ್ತಾರೆ, ಮದುವೆ ಮನೆಯಲ್ಲಿ ದೊಡ್ಡಮ್ಮಂದಿರು ಕೊಡುತ್ತಾರೆ, ಈಗ ಆಲ್ಗರಿದಮ್ಮೂ ಕೊಡುತ್ತಿದೆ. ಕೊಡುವವರ ಒಳ್ಳೆಯತನದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ದೇಶದಲ್ಲಿ ಲಕ್ಷಾಂತರ ಜನ ತಮ್ಮ ಚರ್ಮದ ಮೇಲೆ ತಾವೇ ಪ್ರಯೋಗ ಮಾಡಿಕೊಳ್ಳುವ ಪರಿಸ್ಥಿತಿ ಯಾಕಿದೆ, ಅದರಿಂದ ಲಾಭ ಯಾರಿಗೆ, ತಡೆಯಬೇಕಾದ ಕಾನೂನು ಎಲ್ಲಿದೆ ಅನ್ನೋದು ರಾಜಕೀಯ ಪ್ರಶ್ನೆ. ಅದನ್ನು ‘ಮೂಢನಂಬಿಕೆ’ ಎಂಬ ಒಂದು ಪದದಲ್ಲಿ ಮುಗಿಸಿಬಿಡುವುದು ಸೋಮಾರಿತನ.

ಬಾವಂಚಿ ಸುಳ್ಳಲ್ಲ, ಅದೇ ಸಮಸ್ಯೆ

ಮೊದಲು ಒಂದು ವಿಷಯ ಒಪ್ಪಿಕೊಳ್ಳೋಣ. ಬಾವಂಚಿ, ಸಂಸ್ಕೃತದಲ್ಲಿ ಬಾಕುಚಿ, ಬರೀ ಬೊಗಳೆ ಔಷಧ ಅಲ್ಲ. ಆ ಬೀಜದಲ್ಲಿ ಸೋರಾಲೆನ್ ಎಂಬ ರಾಸಾಯನಿಕ ಇದೆ. ಅದು ಚರ್ಮದೊಳಗೆ ಇರುವಾಗ ಸೂರ್ಯನ ಯುವಿ-ಎ ಕಿರಣ ಬಿದ್ದರೆ ಜೀವಕೋಶಗಳ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಆ ಪ್ರತಿಕ್ರಿಯೆಯಲ್ಲಿ ಬಣ್ಣ ತಯಾರಿಸುವ ಮೆಲನೊಸೈಟ್ ಕೋಶಗಳು ಚುರುಕಾಗಬಹುದು. ನಮ್ಮ ಹಳೆಯ ವೈದ್ಯರಿಗೆ ಈ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೆ ‘ಹಚ್ಚಿ ಬಿಸಿಲಿಗೆ ಕೂತರೆ ಬಣ್ಣ ಬರುತ್ತೆ’ ಎಂಬ ಗಮನಿಕೆ ಅವರಿಗಿತ್ತು. ಈಜಿಪ್ಟಿನಲ್ಲೂ ನೈಲ್ ದಂಡೆಯ ಬೇರೊಂದು ಗಿಡದ ಬಗ್ಗೆ ಇದೇ ತಿಳಿವಳಿಕೆ ಇತ್ತು. 1940ರ ದಶಕದಲ್ಲಿ ಕೈರೋದ ಚರ್ಮವೈದ್ಯ ಅಬ್ದೆಲ್ ಮೊನೆಮ್ ಎಲ್ ಮೊಫ್ತಿ ಆ ಗಿಡದಿಂದ ತೆಗೆದ ಸೋರಾಲೆನ್ ಅನ್ನು ತೊನ್ನಿನ ರೋಗಿಗಳಿಗೆ ಕೊಟ್ಟು ನೋಡಿದರು. ಮುಂದೆ 1970ರ ದಶಕದಲ್ಲಿ ‘ಪುವಾ’ ಎಂಬ ಚಿಕಿತ್ಸೆ ಆಸ್ಪತ್ರೆಗಳಿಗೆ ಬಂದದ್ದು ಇದೇ ದಾರಿಯಲ್ಲಿ.

ಹಾಗಾದರೆ ಮನೆಯಲ್ಲೇ ಮಾಡಿಕೊಂಡರೆ ತಪ್ಪೇನು? ತಪ್ಪು ಪ್ರಮಾಣದಲ್ಲಿದೆ. ಆಸ್ಪತ್ರೆಯಲ್ಲಿ ಸೋರಾಲೆನ್ ಎಷ್ಟು, ಕಿರಣ ಎಷ್ಟು ಸೆಕೆಂಡು ಅಂತ ಅಳೆದು ಕೊಡುತ್ತಾರೆ, ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾರೆ. ಗ್ರಂಧಿಗೆ ಅಂಗಡಿಯಿಂದ ತಂದ ಬೀಜದಲ್ಲಿ ಎಷ್ಟು ಸೋರಾಲೆನ್ ಇದೆ ಅಂತ ಅಂಗಡಿಯವರಿಗೂ ಗೊತ್ತಿಲ್ಲ, ತಂದವರಿಗೂ ಗೊತ್ತಿಲ್ಲ. ಮೇಲೆ ಬೀಳುವ ಬಿಸಿಲನ್ನಂತೂ ಯಾರೂ ಅಳೆಯುವುದಿಲ್ಲ. ನಮ್ಮ ಕಡೆ ಮಾರ್ಚ್-ಏಪ್ರಿಲ್ ಮಧ್ಯಾಹ್ನ ಯುವಿ ಸೂಚ್ಯಂಕ 10 ದಾಟುವುದು ಸಾಮಾನ್ಯ. ಮಚ್ಚೆಯ ಜಾಗದಲ್ಲಿ ಬಿಸಿಲು ತಡೆಯುವ ಮೆಲನಿನ್ನೇ ಇಲ್ಲ. ಅಂದರೆ ಕೊಡೆ ಇಲ್ಲದ ಜಾಗಕ್ಕೇ ನಾವು ಬಿಸಿಲಿನ ಏಟನ್ನು ಹೆಚ್ಚಿಸುವ ಎಣ್ಣೆ ಸವರುತ್ತಿದ್ದೇವೆ.

ಇದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ಸಾಮಾನ್ಯ ಬಿಸಿಲಿನ ಸುಟ್ಟ ಗಾಯ ಅವತ್ತೇ ಉರಿಯುತ್ತದೆ. ಸೋರಾಲೆನ್ ಸುಟ್ಟದ್ದು ಹಾಗಲ್ಲ. ಅದು ತಡವಾಗಿ ಶುರುವಾಗಿ, ಎರಡು-ಮೂರು ದಿನದ ಹೊತ್ತಿಗೆ ತಾರಕಕ್ಕೇರುತ್ತದೆ. ಭಾನುವಾರ ಹಚ್ಚಿ ಬಿಸಿಲಿಗೆ ಕೂತವರಿಗೆ ಸಂಜೆ ಏನೂ ಆಗಿರುವುದಿಲ್ಲ. ‘ಏನೂ ಆಗ್ಲಿಲ್ವಲ್ಲ’ ಅಂತ ಸೋಮವಾರ ಇನ್ನೂ ಸ್ವಲ್ಪ ಜಾಸ್ತಿ ಹಚ್ಚುತ್ತಾರೆ. ಮಂಗಳವಾರ ರಾತ್ರಿ ಗುಳ್ಳೆಗಳೇಳುತ್ತವೆ. ಅಷ್ಟೊತ್ತಿಗೆ ಎರಡು ದಿನದ ಬಿಸಿಲು ಒಳಗೆ ಹೋಗಿ ಆಗಿದೆ. ನಿಂಬೆ ರಸ, ಅಂಜೂರದ ಹಾಲುಗಳಲ್ಲೂ ಇದೇ ಜಾತಿಯ ರಾಸಾಯನಿಕಗಳಿವೆ. ಹಾಗಾಗಿ ‘ನಿಂಬೆ ಅಲ್ವಾ, ಏನಾಗುತ್ತೆ’ ಅನ್ನುವ ಧೈರ್ಯವೂ ಇಲ್ಲಿ ನಡೆಯುವುದಿಲ್ಲ. ಚಿತ್ರಮೂಲ, ಕೇರುಬೀಜಗಳ ವಿಷಯ ಬೇರೆಯೇ. ಅಗಸರು ಬಟ್ಟೆಗೆ ಅಳಿಸಲಾಗದ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ರಸ ಬಿಸಿಲಿನ ಸಹಾಯವೂ ಬೇಡದೆ ಚರ್ಮವನ್ನು ಬೇಯಿಸುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯ ವಿಷಯ. ತೊನ್ನು, ಅಂದರೆ ವಿಟಿಲಿಗೊ, ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆಲನೊಸೈಟ್‌ಗಳ ಮೇಲೆ ದಾಳಿ ಮಾಡುವುದರಿಂದ ಬರುವಂಥದ್ದು. ಇದು ಅಂಟುಜಾಡ್ಯ ಅಲ್ಲ, ಕುಷ್ಠವೂ ಅಲ್ಲ, ಮೀನು ತಿಂದು ಹಾಲು ಕುಡಿದದ್ದರಿಂದ ಬಂದದ್ದೂ ಅಲ್ಲ. ರೋಗ ಚುರುಕಾಗಿರುವವರಲ್ಲಿ ಚರ್ಮಕ್ಕೆ ಗಾಯವಾದರೆ, ಸುಟ್ಟರೆ, ಉಜ್ಜಿದರೆ ಅದೇ ಜಾಗದಲ್ಲಿ ಹೊಸ ಮಚ್ಚೆ ಹುಟ್ಟಬಹುದು. ವೈದ್ಯರು ಇದನ್ನು ಕೋಬ್ನರ್ ಪರಿಣಾಮ ಅನ್ನುತ್ತಾರೆ. ಅಂದರೆ ಗುಳ್ಳೆ ಎದ್ದದ್ದು ‘ಕೆಲಸ ಮಾಡ್ತಿರೋ’ ಗುರುತಲ್ಲ, ಮಚ್ಚೆಗೆ ಹೊಸ ಸೈಟು ಅಳೆದು ಕೊಟ್ಟಂತೆ. ಸುತ್ತಲಿನ ಒಳ್ಳೆಯ ಚರ್ಮ ಬಿಸಿಲಿಗೆ ಇನ್ನೂ ಕಪ್ಪಾಗಿ, ಬಿಳಿಯ ಜಾಗ ಮೊದಲಿಗಿಂತ ಎದ್ದು ಕಾಣುವುದು ಬೇರೆ.

ಕೂದಲಿನ ಬುಡದಲ್ಲಿ ಮೆಲನೊಸೈಟ್‌ಗಳ ದಾಸ್ತಾನು ಇರುತ್ತದೆ. ಬಣ್ಣ ಮರಳುವಾಗ ಕೂದಲಿನ ಸುತ್ತ ಸಣ್ಣ ಚುಕ್ಕೆಗಳಾಗಿ ಬರುವುದು ಅದಕ್ಕೇ. ಮುಖ, ಕುತ್ತಿಗೆಯಲ್ಲಿ ಫಲ ಚೆನ್ನಾಗಿರುತ್ತದೆ. ಬೆರಳ ತುದಿ, ತುಟಿಗಳಲ್ಲಿ ಕೂದಲೇ ಇಲ್ಲದ್ದರಿಂದ ಅಲ್ಲಿ ಬಣ್ಣ ಬರುವುದು ಬಹಳ ಕಷ್ಟ. ಎಲ್ಲರಿಗೂ ಮೊದಲು ಕಣ್ಣಿಗೆ ಬೀಳುವುದು ಕೈಬೆರಳು, ತುಟಿಗಳೇ ಆದ್ದರಿಂದ ಜನ ಹತಾಶರಾಗಿ ಹೆಚ್ಚು ಖಾರದ ಮದ್ದು ಹಚ್ಚುವುದೂ ಅಲ್ಲಿಗೇ. ಇದನ್ನು ಯಾವ ರೀಲೂ ಹೇಳುವುದಿಲ್ಲ.

ಇನ್ನೊಂದು ಹೊಸ ಗೊಂದಲ. ‘ಬಾಕುಚಿಯೋಲ್’ ಎಂಬ ಸೀರಮ್ಮು ಈಗ ಫ್ಯಾಷನ್. ಅದೂ ಇದೇ ಬೀಜದಿಂದ ಬರುತ್ತದೆ, ಆದರೆ ಸೋರಾಲೆನ್ ಬೇರ್ಪಡಿಸಿ ಶುದ್ಧ ಮಾಡಿದ ಬೇರೆಯೇ ವಸ್ತು. ಹೆಸರಿನ ಹೋಲಿಕೆ ನೋಡಿ ಅಗ್ಗದ ‘ಬಾಕುಚಿ ಎಣ್ಣೆ’ ತರಿಸಿಕೊಂಡು ಮುಖಕ್ಕೆ ಹಚ್ಚಿ ಕಾಲೇಜಿಗೆ ಹೊರಟರೆ, ತೊನ್ನೇ ಇಲ್ಲದವರ ಮುಖವೂ ಸುಡುತ್ತದೆ.

ಬಿಳುಪು ಬೇಕಾದ ದೇಶಕ್ಕೆ ಬಿಳಿ ಮಚ್ಚೆ ಬೇಡ

ನಮ್ಮದು ಬಿಳುಪಿನ ಹುಚ್ಚಿನ ದೇಶ. 2020ರಲ್ಲಿ ಜಗತ್ತಿನಾದ್ಯಂತ ವರ್ಣಭೇದದ ವಿರುದ್ಧ ಕೂಗು ಎದ್ದಾಗ ‘ಫೇರ್ ಆ್ಯಂಡ್ ಲವ್ಲಿ’ಯ ಹೆಸರು ‘ಗ್ಲೋ ಆ್ಯಂಡ್ ಲವ್ಲಿ’ ಆಯಿತು, ಹಂಬಲ ಮಾತ್ರ ಹಾಗೇ ಉಳಿಯಿತು. ಅದೇ ಸಮಾಜದಲ್ಲಿ ಒಂದು ಹುಡುಗಿಯ ತುಟಿಯಂಚು ಬೆಳ್ಳಗಾದರೆ ಸಂಬಂಧ ಕೂಡಿ ಬರುವುದಿಲ್ಲ, ಅವಳ ತಂಗಿಗೂ ಬರುವುದಿಲ್ಲ. ಮೇಲ್ನೋಟಕ್ಕೆ ಇದು ವಿರೋಧಾಭಾಸ. ಒಳಹೊಕ್ಕು ನೋಡಿದರೆ ಎರಡೂ ಒಂದೇ ಗಾಣದ ಎಣ್ಣೆ. ಎರಡೂ ಕಡೆ ಚರ್ಮವನ್ನು ನೋಡಿ ಕುಲ, ಶುದ್ಧಿ, ‘ಮನೆತನ’ ಅಳೆಯಲಾಗುತ್ತದೆ. ಕಪ್ಪಾದರೆ ಒಂದು ಅಂಕ ಕಡಿಮೆ, ಮಚ್ಚೆಯಾದರೆ ಆಟದಿಂದಲೇ ಔಟು.

ಭಾಷೆಯೂ ಇದರಲ್ಲಿ ಪಾಲುದಾರ. ‘ಶ್ವೇತಕುಷ್ಠ’, ‘ಬಿಳಿ ಕುಷ್ಠ’ ಎಂಬ ಹೆಸರುಗಳು ಎರಡು ಸಂಬಂಧವೇ ಇಲ್ಲದ ಕಾಯಿಲೆಗಳನ್ನು ಗಂಟುಹಾಕಿವೆ. ‘ತೊನ್ನ’ ಅನ್ನುವುದು ನಮ್ಮಲ್ಲಿ ಬೈಗುಳ. ಹಿಂದೂ ವಿವಾಹ ಕಾಯ್ದೆಯಲ್ಲಿ ಕುಷ್ಠವನ್ನು ವಿಚ್ಛೇದನದ ಕಾರಣವಾಗಿ ಇಟ್ಟುಕೊಂಡು, ಅದನ್ನು ತೆಗೆಯಲು ನಮಗೆ 2019ರವರೆಗೆ ಬೇಕಾಯಿತು. ತೊನ್ನು ಆ ಪಟ್ಟಿಯಲ್ಲಿ ಇರಲೇ ಇಲ್ಲ, ಆದರೆ ಹೆಸರಿನ ಹಂಗಿನಿಂದ ಆ ಕಳಂಕದ ಪಾಲು ಮಾತ್ರ ಇದಕ್ಕೂ ಬಂತು.

ಇನ್ನು ಹಕ್ಕಿನ ಪ್ರಶ್ನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಸ್ಥಿತಿಗಳನ್ನು ಗುರುತಿಸುತ್ತದೆ. ಕುಷ್ಠದಿಂದ ಗುಣಮುಖರಾದವರು, ಆ್ಯಸಿಡ್ ದಾಳಿಗೆ ಒಳಗಾದವರು ಅದರಲ್ಲಿದ್ದಾರೆ. ತೊನ್ನು ಇಲ್ಲ. ನಮ್ಮನ್ನೂ ಆ ಪಟ್ಟಿಗೆ ಸೇರಿಸಿ ಅಂತ ನಾನು ಕೇಳುತ್ತಿಲ್ಲ. ನಮ್ಮ ಕೈಕಾಲಿಗೆ, ಬುದ್ಧಿಗೆ ಏನೂ ಆಗಿಲ್ಲ. ಆದರೆ ‘ಕಸ್ಟಮರ್ ಎದುರು ನಿಲ್ಲೋ ಕೆಲಸ, ನಿಮಗೆ ಆಗಲ್ಲ’ ಅಂತ ಹೇಳಿ ಕಳಿಸಿದ ಅಂಗಡಿಯ ಮೇಲೆ ದೂರು ಕೊಡಲು ಆ ಕಾಯ್ದೆಯಲ್ಲಿ ನಮಗೊಂದು ಬಾಗಿಲಿಲ್ಲ ಅನ್ನುವುದನ್ನಾದರೂ ಗಮನಿಸಿ. ಕೆಲಸವೂ ಮದುವೆಯೂ ಚರ್ಮಕ್ಕೆ ನೇತುಹಾಕಿಕೊಂಡಿರುವಾಗ ಗುಳ್ಳೆ ಏಳುತ್ತದೆ ಅಂತ ಹೆದರುವವರು ಯಾರು? ಮುಹೂರ್ತಕ್ಕೆ ಮೂರು ತಿಂಗಳಿದೆ ಅನ್ನುವ ಮನೆಯಲ್ಲಿ ಬಾವಂಚಿ ಎಣ್ಣೆ ಕುದಿಯುವುದು ಅಜ್ಞಾನದಿಂದಲ್ಲ, ಅವಸರದಿಂದ.

ಬಡವರಿಗೆ ಬಿಸಿಲೊಂದೇ ಪುಕ್ಕಟೆ

‘ಡಾಕ್ಟರ ಹತ್ತಿರ ಹೋಗಬಾರದಾ?’ ಅಂತ ಕೇಳುವುದು ಸುಲಭ. ಇವತ್ತು ತೊನ್ನಿಗೆ ಚಿಕಿತ್ಸೆ ಇದೆ. ಸ್ಟೀರಾಯ್ಡ್ ಮುಲಾಮು, ಟ್ಯಾಕ್ರೊಲಿಮಸ್ ಮುಲಾಮು, ನ್ಯಾರೋಬ್ಯಾಂಡ್ ಯುವಿ-ಬಿ ಬೆಳಕಿನ ಚಿಕಿತ್ಸೆ, ರೋಗ ಹರಡುವುದು ನಿಂತ ಮೇಲೆ ಮೆಲನೊಸೈಟ್ ಕಸಿ. ಎಲ್ಲರಿಗೂ ಪೂರ್ತಿ ಬಣ್ಣ ಬರುತ್ತದೆ ಅಂತಲ್ಲ, ಬಂದದ್ದು ಉಳಿಯುತ್ತದೆ ಅಂತಲೂ ಅಲ್ಲ. ಆದರೆ ಅಳತೆ ಇದೆ, ನಿಗಾ ಇದೆ.

ಬೆಳಕಿನ ಚಿಕಿತ್ಸೆಗೆ ವಾರಕ್ಕೆ ಎರಡು-ಮೂರು ಸಲ ಹೋಗಬೇಕು, ಕನಿಷ್ಠ ಆರು ತಿಂಗಳು. ಲೆಕ್ಕ ಹಾಕಿ: 50ರಿಂದ 80 ಸಲ. ಒಂದೊಂದು ಸಲ ಯಂತ್ರದ ಎದುರು ನಿಲ್ಲುವುದು ಕೆಲವೇ ನಿಮಿಷ. ಅದಕ್ಕಾಗಿ ತಾಲ್ಲೂಕಿನಿಂದ ಮೆಡಿಕಲ್ ಕಾಲೇಜು ಇರುವ ಊರಿಗೆ ಬಸ್ಸು ಹಿಡಿಯಬೇಕು, ಚೀಟಿ ಮಾಡಿಸಲು ನಿಲ್ಲಬೇಕು, ಅವತ್ತಿನ ಕೂಲಿ ಬಿಡಬೇಕು. ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳಿಗೆ ವಾರಕ್ಕೆ ಮೂರು ಅರ್ಧ ದಿನ ರಜೆ ಯಾರು ಕೊಡುತ್ತಾರೆ? ಆಯುಷ್ಮಾನ್ ಭಾರತ್ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಖರ್ಚು ನೋಡಿಕೊಳ್ಳುತ್ತದೆ. ತೊನ್ನಿಗೆ ಯಾರೂ ದಾಖಲಾಗುವುದಿಲ್ಲ, ಇದು ಹೊರರೋಗಿ ವಿಭಾಗದ ಕಾಯಿಲೆ. ಅಮೆರಿಕದಲ್ಲಿ 2022ರ ಜುಲೈನಲ್ಲಿ ರುಕ್ಸೊಲಿಟಿನಿಬ್ ಎಂಬ ಹೊಸ ಕ್ರೀಮಿಗೆ ಅನುಮತಿ ಸಿಕ್ಕಿತು, ಅದರ ಬೆಲೆ ಕೇಳಿದರೆ ಅಲ್ಲಿನವರೇ ಬೆವರುತ್ತಾರೆ. ನಮ್ಮ ಕೂಲಿಕಾರರಿಗೆ ಕೈಗೆಟಕುವ ಏಕೈಕ ಯುವಿ ಯಂತ್ರ ಸೂರ್ಯ.

ಪರಿಹಾರ ಇಲ್ಲವೇ ಅಂದರೆ, ಇದೆ. ಬ್ರಿಟನ್ನಿನಲ್ಲಿ ‘ಹೈ-ಲೈಟ್’ ಎಂಬ ಪರೀಕ್ಷೆ ನಡೆಯಿತು. 517 ಜನರಲ್ಲಿ ಕೆಲವರಿಗೆ ಕೈಯಲ್ಲಿ ಹಿಡಿಯುವ ಸಣ್ಣ ಯುವಿ-ಬಿ ದೀಪ, ಕೆಲವರಿಗೆ ಸ್ಟೀರಾಯ್ಡ್ ಮುಲಾಮು, ಕೆಲವರಿಗೆ ಎರಡನ್ನೂ ಮನೆಗೇ ಕೊಟ್ಟು, ತರಬೇತಿ ಕೊಟ್ಟು, ಒಂಬತ್ತು ತಿಂಗಳು ನೋಡಿದರು. ಮಚ್ಚೆ ಈಗ ಅಷ್ಟೊಂದು ಕಾಣುವುದಿಲ್ಲ ಎಂದವರು ಮುಲಾಮು ಮಾತ್ರ ಬಳಸಿದವರಲ್ಲಿ ಶೇ. 17, ಎರಡನ್ನೂ ಬಳಸಿದವರಲ್ಲಿ ಶೇ. 27. ಪವಾಡದ ಸಂಖ್ಯೆ ಅಲ್ಲ, ಪ್ರಾಮಾಣಿಕ ಸಂಖ್ಯೆ. ಇಲ್ಲಿ ನಾವು ನೋಡಬೇಕಾದ್ದು ಇಷ್ಟೇ: ಜನ ಮನೆಯಲ್ಲೇ ಚಿಕಿತ್ಸೆ ಮಾಡಿಕೊಳ್ಳುವುದು ತಪ್ಪಲ್ಲ. ಅಳತೆ ಮತ್ತು ತರಬೇತಿ ಕೊಡದೆ ಅವರನ್ನು ಒಂಟಿಯಾಗಿ ಬಿಟ್ಟದ್ದು ತಪ್ಪು.

ಬೆಳಕು, ಶಬ್ದ, ಹೊಗೆ

ಈಗ ಕಾನೂನಿಗೆ ಬರೋಣ. 1954ರಲ್ಲೇ ಸಂಸತ್ತು ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ಮಾಡಿತು. ಕೆಲವು ಕಾಯಿಲೆಗಳನ್ನು ಗುಣಪಡಿಸುತ್ತೇವೆ ಅಂತ ಔಷಧದ ಜಾಹೀರಾತು ಕೊಡುವುದೇ ಅಪರಾಧ ಅಂತ ಒಂದು ಪಟ್ಟಿ ಹಾಕಿತು. ಆ ಪಟ್ಟಿಯಲ್ಲಿ ಲ್ಯುಕೋಡರ್ಮಾ, ಅಂದರೆ ತೊನ್ನು, ಇದೆ. ಅಷ್ಟೇ ಅಲ್ಲ, ‘ಜಾಹೀರಾತು’ ಅಂದರೆ ಏನು ಎಂಬ ವಿವರಣೆ ಓದಿದರೆ ಖುಷಿಯಾಗುತ್ತದೆ: ನೋಟಿಸು, ಸುತ್ತೋಲೆ, ಲೇಬಲ್ಲು, ಬಾಯಿಮಾತಿನ ಪ್ರಕಟಣೆ, ಬೆಳಕು, ಶಬ್ದ ಅಥವಾ ಹೊಗೆಯ ಮೂಲಕ ಮಾಡುವ ಪ್ರಕಟಣೆ, ಎಲ್ಲವೂ. ರೀಲ್ಸ್ ಅಂದರೆ ಬೆಳಕು ಮತ್ತು ಶಬ್ದವೇ ಅಲ್ಲವೇ? ‘ಹೊಸ ಮಾಧ್ಯಮ, ಹಳೇ ಕಾನೂನು, ಏನ್ಮಾಡೋಕಾಗುತ್ತೆ’ ಎಂಬ ನೆಪಕ್ಕೆ ಇಲ್ಲಿ ಜಾಗ ಇಲ್ಲ.

ಈ ಕಾಯ್ದೆಯನ್ನು ಹಮ್ದರ್ದ್ ದವಾಖಾನಾ ಪ್ರಕರಣದಲ್ಲಿ ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ ಕೆಲವು ಭಾಗಗಳನ್ನು ಹೊಡೆದುಹಾಕಿತು. ಆದರೆ ಇಂಥ ಜಾಹೀರಾತು ವ್ಯಾಪಾರದ ಭಾಗ, ವಾಕ್ ಸ್ವಾತಂತ್ರ್ಯದ ರಕ್ಷಣೆ ಇದಕ್ಕಿಲ್ಲ ಎಂಬುದನ್ನು ಸ್ಪಷ್ಟಪಡಿಸಿತು. ಜನ ತಮಗೆ ತಾವೇ ಔಷಧ ಮಾಡಿಕೊಳ್ಳುವುದನ್ನು ತಡೆಯುವುದೇ ಕಾಯ್ದೆಯ ಉದ್ದೇಶ ಎಂದೂ ಗುರುತಿಸಿತು. ಅಂದರೆ ಅಜ್ಜಿ ಮೊಮ್ಮಗಳಿಗೆ ಹೇಳುವ ಮನೆಮದ್ದಿನ ಮೇಲೆ ಈ ಕಾನೂನಿನ ಕಣ್ಣಿಲ್ಲ. ಅಜ್ಜಿಯ ಹೆಸರಲ್ಲಿ ಬಾಟಲಿ ಮಾರುವವರ ಮೇಲಿದೆ.

ಆದರೆ ಮೊದಲ ಸಲ ಸಿಕ್ಕಿಬಿದ್ದವರಿಗೆ ಕಾಯ್ದೆ ಇಟ್ಟ ಶಿಕ್ಷೆ ಹೆಚ್ಚೆಂದರೆ ಆರು ತಿಂಗಳ ಜೈಲು, ದಂಡ ಅಥವಾ ಎರಡೂ. 2020ರ ಫೆಬ್ರುವರಿಯಲ್ಲಿ ಕೇಂದ್ರ ಒಂದು ಕರಡು ತಂದು ಪಟ್ಟಿಯನ್ನು 78ಕ್ಕೆ ಏರಿಸುವ, ದಂಡವನ್ನು ಲಕ್ಷಗಳಿಗೆ ಹೆಚ್ಚಿಸುವ ಮಾತಾಡಿತು. ಬಿಳುಪಿನ ಕ್ರೀಮುಗಳೂ ಅದರಲ್ಲಿ ಬರುತ್ತಿದ್ದವು. ಕರಡು ಕರಡಾಗಿಯೇ ಉಳಿಯಿತು.

ಆಮೇಲೆ ನಡೆದದ್ದು ತಿರುಗುಮುರುಗು. ಆಯುಷ್ ಔಷಧಗಳ ಜಾಹೀರಾತಿಗೆ ಮೊದಲೇ ರಾಜ್ಯದ ಪರವಾನಗಿ ಅಧಿಕಾರಿಯ ಒಪ್ಪಿಗೆ ಬೇಕು ಎಂಬ ನಿಯಮ 170 ಬಂದದ್ದು 2018ರ ಡಿಸೆಂಬರಿನಲ್ಲಿ. 2024ರ ಜುಲೈ 1ರಂದು ಆಯುಷ್ ಸಚಿವಾಲಯವೇ ಅದನ್ನು ಕೈಬಿಟ್ಟಿತು, ಅದೂ ಪತಂಜಲಿ ಜಾಹೀರಾತು ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿರುವಾಗ. ಆಗಸ್ಟ್‌ನಲ್ಲಿ ಕೋರ್ಟ್ ತಡೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಪ್ರಕರಣವನ್ನೇ ಮುಗಿಸಿತು, ತಡೆಯೂ ಹೋಯಿತು. ಅಂದರೆ ಜಾಹೀರಾತು ಹೊರಬರುವ ಮೊದಲೇ ತಡೆಯುವ ಗೇಟು ಈಗಿಲ್ಲ. ಬಂದ ಮೇಲೆ ಹಿಡಿಯಬೇಕು.

ಹಿಡಿಯುವುದಕ್ಕೆ ಒಂದು ದಾರಿ ಉಳಿದಿದೆ. 2025ರ ಮಾರ್ಚ್ 26ರಂದು ಇದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 1954ರ ಕಾಯ್ದೆಯಡಿ ಜನರ ದೂರು ಸ್ವೀಕರಿಸುವ ವ್ಯವಸ್ಥೆಯನ್ನು ಎರಡು ತಿಂಗಳೊಳಗೆ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ಹಾಗಾಗಿ ಕರ್ನಾಟಕ ಸರ್ಕಾರಕ್ಕೆ ನೇರ ಪ್ರಶ್ನೆ: ತೊನ್ನಿನ ಎಣ್ಣೆಯ ಮೇಲೆ ಎಷ್ಟು ದೂರು ಬಂದಿವೆ, ಎಷ್ಟರ ಮೇಲೆ ಕೇಸಾಗಿದೆ? ಇದನ್ನು ಮಾಹಿತಿ ಹಕ್ಕಿನಡಿ ಕೇಳಲು ಹತ್ತು ರೂಪಾಯಿ ಸಾಕು.

ಗಿಡಮೂಲಿಕೆ ವಿರುದ್ಧ ಯುದ್ಧ ಸಾರಬೇಕು ಅಂತ ನಾನು ಹೇಳುತ್ತಿಲ್ಲ. ಡಿಆರ್‌ಡಿಒದಂಥ ಸರ್ಕಾರಿ ಸಂಸ್ಥೆಯೇ ಗಿಡಮೂಲಿಕೆಯಿಂದ ‘ಲ್ಯುಕೋಸ್ಕಿನ್’ ಎಂಬ ತೊನ್ನಿನ ಔಷಧ ರೂಪಿಸಿ ಕಂಪನಿಗೆ ತಂತ್ರಜ್ಞಾನ ಕೊಟ್ಟಿದೆ. ಹಾಗಿದ್ದ ಮೇಲೆ ಯಾವ ಬ್ಯಾಚಿನಲ್ಲಿ ಎಷ್ಟು ಸೋರಾಲೆನ್ ಇದೆ ಅಂತ ಅಳೆದು ಬಾಟಲಿ ಮೇಲೆ ಬರೆಯಿಸುವುದು ಸರ್ಕಾರಕ್ಕೆ ರಾಕೆಟ್ ವಿಜ್ಞಾನವಲ್ಲ. ‘ಹಚ್ಚಿದ ಮೇಲೆ ಬಿಸಿಲಿಗೆ ಹೋಗಬೇಡಿ, ಸುಡುತ್ತದೆ’ ಎಂದು ಕನ್ನಡದಲ್ಲಿ ಒಂದು ಸಾಲು ಕಡ್ಡಾಯ ಮಾಡಲಿ. ಜಿಲ್ಲಾಸ್ಪತ್ರೆಗಳಲ್ಲಿ ಬೆಳಕಿನ ಚಿಕಿತ್ಸೆಯ ಯಂತ್ರ ಇಡಲಿ, ಸಂಜೆ ಏಳರವರೆಗೆ ತೆರೆದಿಡಲಿ. ಮನೆಗೆ ಕೊಡುವ ಸಣ್ಣ ದೀಪಗಳ ಪ್ರಯೋಗವನ್ನು ಒಂದೆರಡು ತಾಲ್ಲೂಕಿನಲ್ಲಾದರೂ ಆಶಾ ಕಾರ್ಯಕರ್ತೆಯರಿಗೆ ತಕ್ಕ ಗೌರವಧನ ಕೊಟ್ಟೇ ನಡೆಸಲಿ.

ಇನ್ನು ನಮ್ಮ ನಿಮ್ಮ ಪಾಲಿನ ಕೆಲಸ. ಮಚ್ಚೆ ಕಾಣಿಸಿದವರಿಗೆ ಮೊದಲು ಹೇಳಬೇಕಾದ್ದು ಎಣ್ಣೆಯ ಹೆಸರಲ್ಲ, ‘ಚರ್ಮರೋಗ ವೈದ್ಯರಿಗೆ ಒಮ್ಮೆ ತೋರಿಸಿ, ಹೊಸದಾಗಿ ಬಂದ ಮಚ್ಚೆಗೆ ಚಿಕಿತ್ಸೆ ಬೇಗ ಹತ್ತುತ್ತೆ’ ಅನ್ನೋದು. ಎಲ್ಲ ಬಿಳಿ ಮಚ್ಚೆ ತೊನ್ನಲ್ಲ. ಹಣೆಗೆ ಅಂಟಿಸುವ ಬಿಂದಿಯ ಗೋಂದು, ರಬ್ಬರ್ ಚಪ್ಪಲಿಯ ಪಟ್ಟಿ, ಕೂದಲಿನ ಬಣ್ಣದ ರಾಸಾಯನಿಕಗಳಿಂದಲೂ ಬಣ್ಣ ಹೋಗುತ್ತದೆ, ಬಿಂದಿ ಬಿಟ್ಟರೇ ಎಷ್ಟೋ ಸಲ ಅದು ಹರಡುವುದು ನಿಲ್ಲುತ್ತದೆ. ಈಗಾಗಲೇ ಹಚ್ಚಿ ಗುಳ್ಳೆ ಎದ್ದಿದ್ದರೆ ಹಚ್ಚುವುದು ನಿಲ್ಲಿಸಿ, ಆ ಜಾಗಕ್ಕೆ ಬಿಸಿಲು ಬೀಳದಂತೆ ಮುಚ್ಚಿ, ಗುಳ್ಳೆ ಒಡೆಯದೆ ವೈದ್ಯರಲ್ಲಿಗೆ ಹೋಗಿ. ಬಾವಂಚಿಯನ್ನು ಹೊಟ್ಟೆಗೆ ತಗೊಂಡವರ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ, ಹಾಗಾಗಿ ಪುಡಿ-ಮಾತ್ರೆಗಳನ್ನು ನಂಬಬೇಡಿ.

ಏನೂ ಹಚ್ಚದೆ, ಮಚ್ಚೆಯನ್ನು ಮಚ್ಚೆಯಾಗಿಯೇ ಬಿಟ್ಟುಕೊಂಡು ಬದುಕುವುದೂ ಒಂದು ಆಯ್ಕೆ. ಕೆಲವರು ಹಾಗೆ ನಿರ್ಧರಿಸಿ ನೆಮ್ಮದಿಯಾಗಿದ್ದಾರೆ. ಆದರೆ ಅದು ಆಯ್ಕೆ ಆಗಬೇಕಾದರೆ ಚಿಕಿತ್ಸೆ ಕೈಗೆಟಕುವಷ್ಟು ಹತ್ತಿರ ಇರಬೇಕು, ಮಚ್ಚೆ ಇರುವವರನ್ನು ಕೆಲಸಕ್ಕೆ ತಗೊಳ್ಳಬೇಕು, ಮದುವೆಯ ಮಾತುಕತೆಯಲ್ಲಿ ‘ಕೈ ತೋರಿಸಮ್ಮ’ ಅನ್ನೋದು ನಿಲ್ಲಬೇಕು. ಅಲ್ಲಿಯವರೆಗೆ ಮುಂದಿನ ರೀಲು ಕಣ್ಣಿಗೆ ಬಿದ್ದಾಗ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಲಿಂಕು ಮತ್ತು ತಾರೀಕು ಬರೆದು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕಳಿಸಿ. ಕಾಯ್ದೆಯ ಹೆಸರು, ಇಸವಿ ಮೇಲೆ ಬರೆದಿದ್ದೇನೆ. ಉತ್ತರ ಬರದಿದ್ದರೆ ಅದನ್ನೂ ಸಾರ್ವಜನಿಕವಾಗಿ ಕೇಳಿ.